ಮುನ್ನೂರು ಮೀಟರ್ ಆಳ, ಆರೂಕಾಲು ಇಂಚಿನ ಮಣಿಕಟ್ಟು

ನಮ್ಮ ಕ್ಯಾಂಪಸ್ಸಿನಲ್ಲಿ ಡೈವಿಂಗ್ ವಾಚ್ ಕಟ್ಟಿಕೊಂಡು ಓಡಾಡೋರು ಎಷ್ಟು ಜನ ಅಂತ ಒಂದ್ಸಲ ಎಣಿಸಿ ನೋಡಿ. ನಮ್ಮ ಸೆಕ್ಷನ್‌ನಲ್ಲೇ ನಾಲ್ಕು ಜನ ಇದ್ದಾರೆ. ಅದರಲ್ಲಿ ಇಬ್ಬರಿಗೆ ಈಜು ಬರಲ್ಲ. ಇದನ್ನ ಆಡಿಕೊಳ್ಳೋಕೆ ಹೇಳ್ತಿಲ್ಲ. ಡೈವಿಂಗ್ ವಾಚ್ ನೋಡೋಕೆ ಚೆನ್ನಾಗಿರುತ್ತೆ, ಗಟ್ಟಿ ಇರುತ್ತೆ, ಮಳೆ ಬಂದ್ರೆ ಬಿಚ್ಚಿ ಜೇಬಿಗೆ ಹಾಕ್ಕೋಬೇಕಿಲ್ಲ. ಕಟ್ಟಿಕೊಳ್ಳೋಕೆ ಅಷ್ಟು ಕಾರಣ ಸಾಕು. ನನ್ನ ತಕರಾರು ಬೇರೆ. ಹಾಸ್ಟೆಲ್‌ನಲ್ಲಿ ವಾಚಿನ ಮಾತು ಬಂದಾಗ ಮೊದಲ ಪ್ರಶ್ನೆ "ಎಷ್ಟು ಮೀಟರ್ ಮಗಾ?", ಎರಡನೇದು "ಎಷ್ಟು ಎಂಎಂ?". ಕೈ ಮೇಲೆ ಹೇಗೆ ಕೂರುತ್ತೆ ಅಂತ ಯಾರೂ ಕೇಳಲ್ಲ. ದಿನಕ್ಕೆ ಹದಿನಾಲ್ಕು ಗಂಟೆ ಮೈಗೆ ಅಂಟಿಕೊಂಡಿರೋ ಒಂದು ಯಂತ್ರದ ಬಗ್ಗೆ, ಎಂಜಿನಿಯರಿಂಗ್ ಓದ್ತಿರೋ ನಾವೇ ಕೇಳದ ಪ್ರಶ್ನೆ ಅದು.

ಆಳದ ಲೆಕ್ಕದಿಂದಲೇ ಶುರು ಮಾಡೋಣ. ನೀರಿನಲ್ಲಿ ಹತ್ತು ಮೀಟರ್ ಇಳಿದಾಗಲೆಲ್ಲ ಒತ್ತಡ ಸುಮಾರು ಒಂದು ಬಾರ್ ಜಾಸ್ತಿ ಆಗುತ್ತೆ. ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಮಾಡೋಕೆ ಹೋದ್ರೆ ಹೊಸಬರನ್ನ ಹನ್ನೆರಡು ಮೀಟರ್ ಒಳಗೇ ಇಳಿಸ್ತಾರೆ. ಡೈವಿಂಗಿನ ಮೊದಲ ಸರ್ಟಿಫಿಕೇಟ್ ಇದ್ದೋರಿಗೆ 18 ಮೀಟರ್, ಹವ್ಯಾಸಕ್ಕೆ ಡೈವ್ ಮಾಡೋರ ಕೊನೆಯ ಗಡಿ 40 ಮೀಟರ್. ಅಲ್ಲಿಗೂ ಅವರ ಕೈಯಲ್ಲಿ ಕೆಲಸ ಮಾಡೋದು ಡೈವ್ ಕಂಪ್ಯೂಟರ್, ವಾಚ್ ಅಲ್ಲ. ಹಾಗಿರುವಾಗ ಡಯಲ್ ಮೇಲೆ 300, 500, 1000 ಅಂತ ಬರೆದುಕೊಂಡು ತಿರುಗೋದಕ್ಕೆ ಏನರ್ಥ?

"ಸೇಫ್ಟಿ ಫ್ಯಾಕ್ಟರ್" ಅಂತ ಹೇಳೋರು ಇದ್ದಾರೆ. ಒಪ್ಪೋಣ, ಆದರೆ ಆ ಫ್ಯಾಕ್ಟರ್ ಆಗಲೇ ಒಳಗೆ ಸೇರಿದೆ. ಡೈವಿಂಗ್ ವಾಚಿಗೆ ಐಎಸ್ಒ 6425 ಅಂತ ಒಂದು ಮಾನದಂಡ ಇದೆ. ಅದರ ಪ್ರಕಾರ ವಾಚು ಕನಿಷ್ಠ 100 ಮೀಟರ್ ತಡೀಬೇಕು, ಬರೆದುಕೊಂಡ ಆಳಕ್ಕಿಂತ ಶೇಕಡಾ 25ರಷ್ಟು ಹೆಚ್ಚು ಒತ್ತಡದಲ್ಲಿ ಪರೀಕ್ಷೆ ಆಗಬೇಕು, ಅದೂ ಸ್ಯಾಂಪಲ್ ಮಾತ್ರ ಅಲ್ಲ, ಒಂದೊಂದು ವಾಚೂ. ಇನ್ನೊಂದು ಮಾತು ಕೇಳಿರ್ತೀರ: "ನೀರಲ್ಲಿ ಕೈ ಬೀಸಿದ್ರೆ ಒತ್ತಡ ಸಿಕ್ಕಾಪಟ್ಟೆ ಏರುತ್ತೆ, ಅದಕ್ಕೇ ಜಾಸ್ತಿ ಮೀಟರ್ ಬೇಕು". ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕ ತೆಗೆದು ಅರ್ಧ ರೋ ವಿ ಸ್ಕ್ವೇರ್ ಹಾಕಿ ನೋಡಿ. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ನೀರೊಳಗೆ ಕೈ ಬೀಸಿದರೂ (ಯಾರಿಂದಲೂ ಆಗಲ್ಲ, ಇರಲಿ) ಬರೋದು ಅರ್ಧ ಬಾರ್. ಅಂದ್ರೆ ಐದು ಮೀಟರ್ ನೀರು. ಅಷ್ಟೇ.

ಈ ದೊಡ್ಡ ಸಂಖ್ಯೆ ಪುಕ್ಕಟೆ ಬಂದಿದ್ರೆ ನಾನು ಸುಮ್ಮನಿರ್ತಿದ್ದೆ. ಪುಕ್ಕಟೆ ಬರಲ್ಲ. ವಾಚಿನ ಗಾಜು ಅಂದ್ರೆ ಅಂಚಿನಲ್ಲಿ ಹಿಡಿದಿಟ್ಟ ಒಂದು ದುಂಡು ಪ್ಲೇಟ್. ಅದರ ಮೇಲಿನ ಸ್ಟ್ರೆಸ್ಸು ಒತ್ತಡಕ್ಕೆ ತಕ್ಕ ಹಾಗೆ ಏರುತ್ತೆ, ದಪ್ಪದ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತೆ. ಹಾಗಾಗಿ ಅದೇ ಅಗಲದ ಗಾಜು 200 ಮೀಟರ್ ಬದಲು 500 ಮೀಟರ್ ತಡೀಬೇಕು ಅಂದ್ರೆ ಎರಡೂವರೆಯ ವರ್ಗಮೂಲ, ಅಂದ್ರೆ ಸುಮಾರು 1.6 ಪಟ್ಟು ದಪ್ಪ ಬೇಕು. ಹಿಂದಿನ ಮುಚ್ಚಳಕ್ಕೂ ಇದೇ ಕಥೆ. ಎರಡೂ ಸೇರಿ ವಾಚನ್ನ ಕೈಯಿಂದ ಮೇಲಕ್ಕೆ ಎತ್ತುತ್ತವೆ. 2008ರಲ್ಲಿ ರೋಲೆಕ್ಸ್‌ನವರು ತಂದ ಡೀಪ್‌ಸೀ 3,900 ಮೀಟರ್ ತಡೆಯುತ್ತೆ, ದಪ್ಪ ಮಾತ್ರ ಹದಿನೇಳು ಮಿಲಿಮೀಟರ್ ದಾಟುತ್ತೆ. ಫುಲ್ ತೋಳಿನ ಅಂಗಿಯ ಕಫ್ ಒಳಗೆ ತೂರಿಸೋಕೆ ನೋಡಿ, ಪ್ಲೇಸ್‌ಮೆಂಟ್ ದಿನ ಗೊತ್ತಾಗುತ್ತೆ.

ದಪ್ಪ ಆದ್ರೆ ಏನಾಗುತ್ತೆ? ಭಾರ ಆಗುತ್ತೆ ಅಂತ ಎಲ್ಲರೂ ಹೇಳ್ತಾರೆ. ನನ್ನ ಪ್ರಕಾರ ಭಾರ ದೊಡ್ಡ ಸಮಸ್ಯೆ ಅಲ್ಲ, ಭಾರ ಎಲ್ಲಿದೆ ಅನ್ನೋದು ಸಮಸ್ಯೆ. ನಮ್ಮ ಸೋದರಮಾವನ ಹತ್ತಿರ ಸೈಕೋ ಎಸ್‌ಕೆಎಕ್ಸ್007 ಇದೆ, ಸ್ಟೀಲ್ ಚೈನಿನದು. ದಸರಾ ರಜೆಯಲ್ಲಿ ಒಂದು ವಾರ ಪೂರ್ತಿ ಕಟ್ಟಿಕೊಂಡಿದ್ದೆ. ರೂಮ್‌ಮೇಟ್ ಹತ್ತಿರ ಕ್ಯಾಸಿಯೋ ಡ್ಯೂರೋ ಇದೆ, ರಬ್ಬರಿನಂಥ ಬೆಲ್ಟಿನದು. ಎರಡನ್ನೂ ಅಂಗೈ ಮೇಲೆ ಇಟ್ಟರೆ ಸೈಕೋನೇ ಹೆಚ್ಚು ತೂಕ. ಆದ್ರೆ ಕಟ್ಟಿಕೊಂಡು ಮೆಸ್ಸಿಗೆ ಹೋಗಿ ಬಂದ್ರೆ ಕೈ ಮೇಲೆ ಅತ್ತಿತ್ತ ಜಾರಾಡೋದು ಡ್ಯೂರೋ. ಕಾರಣ ಸರಳ. ಒಂದರಲ್ಲಿ ತಲೆಯ ಭಾರಕ್ಕೆ ಎದುರಾಗಿ ಕೆಳಗಡೆ ಚೈನೂ ಕೊಂಡಿಯೂ ಇದೆ. ಇನ್ನೊಂದರಲ್ಲಿ ಭಾರ ಎಲ್ಲ ಮೇಲೆ, ಕೆಳಗೆ ಹಗುರದ ಬೆಲ್ಟು. ಫ್ರೀ ಬಾಡಿ ಡಯಾಗ್ರಮ್ ಬರೆದರೆ ಎರಡು ನಿಮಿಷದ ಲೆಕ್ಕ. ತಲೆ ಎತ್ತರ ಆದಷ್ಟೂ ಸೆಂಟರ್ ಆಫ್ ಗ್ರ್ಯಾವಿಟಿ ಚರ್ಮದಿಂದ ದೂರ ಹೋಗುತ್ತೆ, ಕೈ ತಿರುಗಿಸಿದಾಗಲೆಲ್ಲ ವಾಚು ಉರುಳೋಕೆ ನೋಡುತ್ತೆ. ಉರುಳಬಾರದು ಅಂತ ನಾವು ಬೆಲ್ಟು ಬಿಗಿ ಮಾಡ್ತೀವಿ. ಸಂಜೆ ಹೊತ್ತಿಗೆ ಚರ್ಮದ ಮೇಲೆ ಕೆಂಪು ಗೆರೆ.

ಇನ್ನು ಎಂಎಂ ಪ್ರಶ್ನೆ. ವಾಚಿನ ವ್ಯಾಸ ನೋಡಿ ಸೈಜು ತೀರ್ಮಾನ ಮಾಡೋದು, ಬರೀ ಸೊಂಟದ ಅಳತೆ ಕೊಟ್ಟು ಅಂಗಿ ಹೊಲಿಸಿದ ಹಾಗೆ. ಬೆಲ್ಟು ಸೇರೋ ಕಿವಿಗಳಿವೆಯಲ್ಲ, ಲಗ್ ಅಂತಾರೆ, ಮೇಲಿನ ಲಗ್ ತುದಿಯಿಂದ ಕೆಳಗಿನ ಲಗ್ ತುದಿವರೆಗಿನ ಉದ್ದವೇ ಮುಖ್ಯ. ಅದು ಮಣಿಕಟ್ಟಿನ ಸಮತಟ್ಟಾದ ಭಾಗಕ್ಕಿಂತ ಉದ್ದ ಆದ್ರೆ ಎರಡೂ ಕಡೆ ಹೊರಗೆ ಚಾಚಿಕೊಂಡು, ಕೆಳಗೆ ಗಾಳಿ ಆಡುತ್ತೆ. ನನ್ನದು ಆರೂಕಾಲು ಇಂಚಿನ ಸಣ್ಣ ಕೈ. ಮೇಲ್ಗಡೆ ಸಮತಟ್ಟು ಜಾಗ ಐವತ್ತು ಮಿಲಿಮೀಟರ್ ಆಸುಪಾಸು. ಮಾವನ ಸೈಕೋ 42.5 ಎಂಎಂ ವ್ಯಾಸ, ಕೇಳಿದ್ರೆ ದೊಡ್ಡದು ಅನ್ಸುತ್ತೆ, ಆದ್ರೆ ಲಗ್ಗಿಂದ ಲಗ್ಗಿಗೆ ಸುಮಾರು 46 ಅಷ್ಟೇ, ಅದೂ ಕೆಳಕ್ಕೆ ಬಾಗಿದ ಲಗ್. ಕೈ ಮೇಲೆ ಸಲೀಸಾಗಿ ಕೂರುತ್ತೆ. ಇದರಲ್ಲಿ ಇನ್ನೊಂದು ಜಾಣತನ ಇದೆ. ಪಕ್ಕದ ಗುಂಡಿ, ಅಂದ್ರೆ ಕ್ರೌನ್, ಮೂರು ಗಂಟೆಯ ಜಾಗದಲ್ಲಿಲ್ಲ, ನಾಲ್ಕರ ಹತ್ತಿರ ಇದೆ. ಕೈ ಹಿಂದಕ್ಕೆ ಮಡಚಿದರೂ ಚುಚ್ಚಲ್ಲ. ಪುಶ್‌ಅಪ್ ಹೊಡೆಯೋರಿಗೆ ನಾನು ಹೇಳ್ತಿರೋದು ಅರ್ಥ ಆಗುತ್ತೆ. ಕ್ರೌನ್ ನಾಲ್ಕಕ್ಕೆ ಸರಿಸಿದರೆ ಆಳ ಒಂದು ಮೀಟರೂ ಜಾಸ್ತಿ ಆಗಲ್ಲ, ಅದಕ್ಕೇ ಆ ವಿಷಯ ಯಾವ ಜಾಹೀರಾತಿನಲ್ಲೂ ದಪ್ಪಕ್ಷರದಲ್ಲಿ ಬರಲ್ಲ.

ತಮಾಷೆ ಅಂದ್ರೆ, ನಿಜವಾಗಿ ಆಳಕ್ಕೆ ಇಳಿಯೋ ಜನ ಬರೀ ಆಳದ ಬಗ್ಗೆ ಯೋಚನೆ ಮಾಡಲಿಲ್ಲ, ಮೈ ಬಗ್ಗೆಯೂ ಮಾಡಿದ್ರು. 1953ರಲ್ಲಿ ಫ್ರಾನ್ಸಿನ ನೌಕಾ ಮುಳುಗುಗಾರರಿಗೆ ಅಂತ ಬ್ಲಾಂಪಾನ್ ಕಂಪನಿಯ ಫಿಫ್ಟಿ ಫ್ಯಾದಮ್ಸ್ ಬಂದಾಗ ಅದರ ಮುಖ್ಯ ಗುಣ ಕತ್ತಲಲ್ಲಿ ಓದೋಕೆ ಆಗೋ ಮುಳ್ಳು, ಒದ್ದೆ ಕೈಯಲ್ಲೂ ತಿರುಗಿಸಬಹುದಾದ ಬೆಜೆಲ್. ಈಗಿನ ಬೆಜೆಲ್ ಒಂದೇ ದಿಕ್ಕಿಗೆ ತಿರುಗುತ್ತೆ. ಯಾಕಂದ್ರೆ ಬಂಡೆಗೆ ತಾಗಿ ಜರುಗಿದರೂ ನೀರಲ್ಲಿ ಕಳೆದ ಹೊತ್ತನ್ನ ಹೆಚ್ಚಾಗಿ ತೋರಿಸಬೇಕೇ ಹೊರತು ಕಡಿಮೆಯಾಗಿ ಅಲ್ಲ. ಬೇಗ ಮೇಲೆ ಬಂದ್ರೆ ನಷ್ಟ ಇಲ್ಲ, ತಡ ಆದ್ರೆ ಸಿಲಿಂಡರಿನ ಗಾಳಿ ಮುಗಿಯುತ್ತೆ. ಫೇಲ್‌ಸೇಫ್ ಅಂದ್ರೆ ಏನು ಅಂತ ಇದಕ್ಕಿಂತ ಚೆನ್ನಾಗಿ ನನಗೆ ಯಾವ ಕ್ಲಾಸಿನಲ್ಲೂ ಅರ್ಥ ಆಗಿಲ್ಲ. (ಹಾಸ್ಟೆಲ್‌ನಲ್ಲಿ ಅದರ ಉಪಯೋಗ ಮ್ಯಾಗಿ ಬೇಯಿಸೋಕೆ. ಜರುಗಿದರೆ ಮ್ಯಾಗಿ ಅರೆಬೆಂದಿರುತ್ತೆ, ಸೀದಿರಲ್ಲ.)

ಆಮೇಲೆ ಬಂತು ಬೆಲ್ಟಿನ ಸಮಸ್ಯೆ. ಡೈವರುಗಳು ಹಾಕೋ ವೆಟ್‌ಸೂಟಿನ ಬಟ್ಟೆಯೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಇರುತ್ತೆ. ಹತ್ತು ಮೀಟರ್ ಕೆಳಗೆ ಒತ್ತಡ ಎರಡು ಪಟ್ಟು, ಬಾಯ್ಲ್‌ನ ನಿಯಮದಂತೆ ಗಾಳಿಯ ಗಾತ್ರ ಅರ್ಧ. ಸೂಟು ತೆಳ್ಳಗಾಗುತ್ತೆ, ಮೇಲೆ ಬಿಗಿಯಾಗಿದ್ದ ವಾಚು ಕೆಳಗೆ ಸಡಿಲ ಆಗಿ ಗಿರಗಿರ ತಿರುಗುತ್ತೆ. 1975ರಲ್ಲಿ ಸೈಕೋದವರು ತಮ್ಮ 600 ಮೀಟರ್ ವಾಚಿನ ಬೆಲ್ಟಿಗೆ ಹಾರ್ಮೋನಿಯಂ ತಿದಿಯ ಥರ ಮಡಿಕೆ ಇಟ್ಟರು. ಮೇಲೆ ಹಿಗ್ಗಿರುತ್ತೆ, ಕೆಳಗೆ ತಾನೇ ಕುಗ್ಗುತ್ತೆ. 2012ರಲ್ಲಿ ಟ್ಯೂಡರ್ ಕಂಪನಿ ಪೆಲಾಗೋಸ್ ಅನ್ನೋ ಟೈಟಾನಿಯಂ ವಾಚಿನ ಕೊಂಡಿಯೊಳಗೆ ಸ್ಪ್ರಿಂಗ್ ಕೂರಿಸಿ ಇದೇ ಕೆಲಸ ಮಾಡ್ತು. ರೋಲೆಕ್ಸ್ ಸಬ್‌ಮರೀನರ್‌ನ ಕೊಂಡಿ ಎರಡೆರಡು ಮಿಲಿಮೀಟರ್‌ನಂತೆ ಒಟ್ಟು ಇಪ್ಪತ್ತು ಮಿಲಿಮೀಟರ್ ಸರಿಯುತ್ತೆ, ಸ್ಕ್ರೂಡ್ರೈವರ್ ಬೇಕಿಲ್ಲ.

ಇದೇ ಕೊಂಡಿ ನಮಗೂ ಬೇಕಾಗಿರೋದು. ವೆಟ್‌ಸೂಟು ನಾವು ಹಾಕಲ್ಲ, ಆದ್ರೆ ಮಣಿಕಟ್ಟು ನಮ್ಮದೂ ಒಂದೇ ಅಳತೆಯಲ್ಲಿ ಇರಲ್ಲ. ಬೆಳಿಗ್ಗೆ ಎಂಟರ ಕ್ಲಾಸಿನಲ್ಲಿ ಸಡಿಲ ಇದ್ದ ವಾಚು ಮಧ್ಯಾಹ್ನ ಎರಡಕ್ಕೆ ಫ್ಯಾನ್ ಕೆಟ್ಟಿರೋ ಲ್ಯಾಬಿನಲ್ಲಿ ಬಿಗಿಯಾಗುತ್ತೆ. ಬೇಸಿಗೆಯಲ್ಲಿ ಕಲಬುರಗಿಗೋ ರಾಯಚೂರಿಗೋ ಊರಿಗೆ ಹೋಗೋರನ್ನ ಕೇಳಿ. ಬೆಲ್ಟಿನ ಒಂದು ತೂತಿಂದ ಇನ್ನೊಂದಕ್ಕೆ ಆರೇಳು ಮಿಲಿಮೀಟರ್ ದೂರ, ಒಂದರಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲ. ಎರಡು ಮಿಲಿಮೀಟರ್ ಸರಿಸೋಕೆ ಆದ್ರೆ ಸಾಕು, ವಾಚ್ ಇದೆ ಅನ್ನೋದೇ ಮರೆತುಹೋಗುತ್ತೆ. ಸಮುದ್ರದ ತಳಕ್ಕಂತ ಮಾಡಿದ ಇಡೀ ವಾಚಿನಲ್ಲಿ ನೆಲದ ಮೇಲಿರೋ ನಮಗೆ ದಿನಾ ಉಪಯೋಗಕ್ಕೆ ಬರೋ ಭಾಗ ಅಂದ್ರೆ ಈ ಕೊಂಡಿ. ಕಡಿಮೆ ಬೆಲೆಯ ವಾಚು ಮಾಡೋರು ಮೊದಲು ಉಳಿತಾಯ ಮಾಡೋದೂ ಇಲ್ಲೇ, ತಗಡಿನ ಕೊಂಡಿ ಹಾಕಿ. 200 ಅಂತ ಮುದ್ರಿಸೋದು ಮಾತ್ರ ಬಿಡಲ್ಲ.

ಹಾಗಾಗಿ 2022ರಲ್ಲಿ ಟ್ಯೂಡರ್ ಪೆಲಾಗೋಸ್ 39 ತಂದಾಗ ಬಂದ ಟೀಕೆ ನನಗೆ ಸರಿ ಕಾಣಲ್ಲ. ಹಳೇ ಪೆಲಾಗೋಸ್ 42 ಎಂಎಂ ಅಗಲ, ಹದಿನಾಲ್ಕಕ್ಕಿಂತ ಹೆಚ್ಚು ದಪ್ಪ, 500 ಮೀಟರ್, ಜೊತೆಗೆ ಹೀಲಿಯಂ ಹೊರಬಿಡೋ ವಾಲ್ವ್. ಹೊಸದು 39 ಎಂಎಂ ಅಗಲ, 11.8 ದಪ್ಪ, ಲಗ್ಗಿಂದ ಲಗ್ಗಿಗೆ 47, ಆಳ 200 ಮೀಟರ್, ವಾಲ್ವ್ ಇಲ್ಲ. ಕೊಂಡಿಯಲ್ಲಿ ಸ್ಪ್ರಿಂಗ್ ಹೋಗಿ, ಬೆರಳಲ್ಲೇ ಎಂಟು ಮಿಲಿಮೀಟರ್ ಒಳಗೆ ಐದು ಹಂತದಲ್ಲಿ ಸರಿಸೋ ವ್ಯವಸ್ಥೆ ಬಂತು. ಟೈಟಾನಿಯಂ ಅದೇ, ಸ್ಟೀಲಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಸಾಂದ್ರತೆ. "500ರಿಂದ 200ಕ್ಕೆ ಇಳಿಸಿ ಪೆಲಾಗೋಸ್ ಹೆಸರು ಕೆಡಿಸಿದ್ರು" ಅನ್ನೋ ಮಾತು ನಮ್ಮ ವಾಚ್ ಗ್ರೂಪಿನಲ್ಲೂ ಓಡಾಡಿತು. ಏನು ಕೆಡ್ತು? ಹೀಲಿಯಂ ವಾಲ್ವ್ ಬೇಕಾಗೋದು ದಿನಗಟ್ಟಲೆ ಒತ್ತಡದ ಕೋಣೆಯಲ್ಲಿ ಹೀಲಿಯಂ ಬೆರೆಸಿದ ಗಾಳಿ ಉಸಿರಾಡೋ ವೃತ್ತಿಪರರಿಗೆ. ಯಾರೂ ಬಳಸದ ಮುನ್ನೂರು ಮೀಟರ್ ಕೊಟ್ಟು, ಎಲ್ಲರ ಕೈಗೂ ತಿಳಿಯೋ ಎರಡೂವರೆ ಮಿಲಿಮೀಟರ್ ತಗೊಂಡಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಡೌನ್‌ಗ್ರೇಡ್ ಅಲ್ಲ, ಡಿಸೈನ್.

ಕೊಳ್ಳೋ ಶಕ್ತಿ ಸದ್ಯಕ್ಕಿಲ್ಲ. ಬೆಂಗಳೂರಿನ ಒಂದು ಶೋರೂಮಿನಲ್ಲಿ ಐದು ನಿಮಿಷ ಕಟ್ಟಿಸಿಕೊಂಡು ನೋಡಿದೆ. ಬ್ಯಾಗು, ಚಪ್ಪಲಿ ನೋಡಿಯೂ ಆತ ಮರ್ಯಾದೆಯಿಂದಲೇ ತೋರಿಸಿದ. ಕೈ ಆಡಿಸಿದೆ, ಮಡಚಿದೆ, ಟೈಪ್ ಮಾಡೋ ಥರ ಕೌಂಟರ್ ಮೇಲೆ ಇಟ್ಟೆ. ಎಲ್ಲೂ ತಾಗಲಿಲ್ಲ. ಹಾಗಂತ ಎಲ್ಲ ಸರಿ ಅಂತಲ್ಲ. ಕೆಲಸದ ವಾಚು ಅಂತ ಹೇಳಿಕೊಂಡು ಬೆಜೆಲ್‌ಗೆ ಅಷ್ಟು ಹೊಳಪು ಯಾಕೆ ಬೇಕಿತ್ತೋ, ಹಳೇದರ ಮಂಕು ಬಣ್ಣವೇ ಚೆನ್ನಾಗಿತ್ತು. ಟೈಟಾನಿಯಂ ಮೇಲೆ ಗೀರು ಬೇಗ ಬೀಳುತ್ತೆ ಅನ್ನೋದೂ ನಿಜ.

ನಾವು ಕೊಳ್ಳೋ ಬೆಲೆಯ ವಾಚುಗಳಲ್ಲಿ ಇಂಥ ಕೊಂಡಿ ಬರೋಕೆ ಇನ್ನೂ ಎಷ್ಟು ವರ್ಷವೋ. ಅಲ್ಲಿವರೆಗೆ ಕಂಪನಿಗಳು ಕನಿಷ್ಠ ಲಗ್ ಉದ್ದ, ದಪ್ಪ, ತೂಕ, ಈ ಮೂರನ್ನಾದರೂ ಡಬ್ಬಿ ಮೇಲೆ ಬರೆಯಬೇಕು. ಆನ್‌ಲೈನ್‌ನಲ್ಲಿ ತರಿಸಿಕೊಳ್ಳೋರಿಗೆ ಬೇರೆ ದಾರಿ ಇಲ್ಲ. ರೂಮ್‌ಮೇಟಿನ ಡ್ಯೂರೋದ ಲಗ್ ಉದ್ದ ತಿಳಿಯೋಕೆ ನಾನು ವರ್ಕ್‌ಶಾಪಿನ ವರ್ನಿಯರ್ ಹಿಡೀಬೇಕಾಯ್ತು, 48 ದಾಟಿತು. ನಮ್ಮ ಬ್ಯಾಚಿನ ಒಬ್ಬಳು ಅದೇ ವಾಚು ಕಟ್ತಾಳೆ. ಅವಳ ಮಣಿಕಟ್ಟು ಐದೂವರೆ ಇಂಚು. ಎರಡೂ ಕಡೆ ಲಗ್ ಹೊರಗೆ, ಟಿಫಿನ್ ಬಾಕ್ಸಿನ ಮುಚ್ಚಳ ಕಟ್ಟಿಕೊಂಡ ಹಾಗೆ. ಅಂಗಡಿಯಲ್ಲಿ ಸಣ್ಣ ಸೈಜಿನ ಡೈವಿಂಗ್ ವಾಚ್ ಕೇಳಿದಳಂತೆ. ಕಲ್ಲು ಕೂರಿಸಿದ ಗುಲಾಬಿ ಬಣ್ಣದ್ದು ತೆಗೆದು ತೋರಿಸಿದರಂತೆ, 30 ಮೀಟರಿನದು.