ದ್ರಾಕ್ಷಾರಸವೆಂಬ ಹೆಸರಿನ ಮದ್ಯ

ದ್ರಾಕ್ಷಾರಸವೆಂದರೆ ದ್ರಾಕ್ಷಿಯ ರಸ; ಹಿಂಡಿದ ಕೂಡಲೇ ಮಗುವಿನ ಬಟ್ಟಲಿಗೆ ಸುರಿಯಬಹುದಾದ ಪಾನೀಯ. ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಹಾಗೂ ವೈನ್ ನೀತಿಯನ್ನು ಪ್ರಕಟಿಸಿದ ತರುವಾಯ ಅದೇ ಸಾತ್ತ್ವಿಕ ನಾಮವು ಮಂಡಳಿಯ ಫಲಕವನ್ನೂ ಉತ್ಸವಗಳ ತೋರಣವನ್ನೂ ಏರಿ, ವೈನಿಗೆ ಸಲ್ಲತೊಡಗಿತು. 2022ರಲ್ಲಿ ಮಹಾರಾಷ್ಟ್ರದಲ್ಲಿ ದಿನಸಿ ಮಳಿಗೆಗಳಲ್ಲಿ ವೈನ್ ಮಾರುವ ಪ್ರಸ್ತಾಪ ಬಂದಾಗ, ವೈನ್ ಮದ್ಯವೇ ಅಲ್ಲವೆಂದು ವಾದಿಸಿದವರೂ ಇದ್ದರು. ಹೆಸರು ಬದಲಾದೊಡನೆ ವಸ್ತುವೂ ಬದಲಾಯಿತೆಂಬ ಈ ಭ್ರಾಂತಿಯು ಶ್ರಾವಕರ ಅಂಗಳಕ್ಕೂ ಕಾಲಿಡುತ್ತಿರುವುದೇ ಚಿಂತೆಯ ವಿಷಯ.

ವಾದದ ಸ್ವರೂಪ ಹೀಗಿದೆ: ಇದು ದೊಡ್ಡ ಕಾರ್ಖಾನೆಯಲ್ಲ, ನಾಲ್ಕೈದು ಎಕರೆಯ ಸ್ವಂತ ತೋಟ. ಮನೆಮಂದಿಯೇ ನಡೆಸುವ ಚಿಕ್ಕ ವೈನರಿ. ತಯಾರಾಗುವುದು ಸಾರಾಯಿಯಲ್ಲ, ರಸಜ್ಞರು ಊಟದೊಡನೆ ಮಿತವಾಗಿ ಸವಿಯುವ ಉತ್ಕೃಷ್ಟ ವೈನ್. ಭಗವಾನ್ ಋಷಭದೇವರು ಉಪದೇಶಿಸಿದ ಷಟ್ಕರ್ಮಗಳಲ್ಲಿ ಕೃಷಿಯೂ ಶಿಲ್ಪವೂ ಇಲ್ಲವೇ? ಇದರಲ್ಲಿ ಹಿಂಸೆಯಿದ್ದರೂ ಅದು ಗೃಹಸ್ಥನಿಗೆ ಅನಿವಾರ್ಯವಾದ ಉದ್ಯೋಗಿ ಹಿಂಸೆಯಲ್ಲವೇ?

ಉದ್ಯೋಗಿ ಹಿಂಸೆಯ ವಿನಾಯಿತಿಯು ನ್ಯಾಯವಾದ ಉದ್ಯೋಗಕ್ಕೆ ಮಾತ್ರ ಅನ್ವಯಿಸುತ್ತದೆ. ಯಾವ ವಸ್ತುವಿನ ತ್ಯಾಗವಿಲ್ಲದೆ ಶ್ರಾವಕತ್ವವೇ ಆರಂಭವಾಗದೋ ಆ ವಸ್ತುವನ್ನು ತಯಾರಿಸುವುದು ನ್ಯಾಯವಾದ ಉದ್ಯೋಗ ಹೇಗಾದೀತು? ಮೂಲಗುಣಗಳನ್ನು ಎಣಿಸುವಲ್ಲಿ ಆಚಾರ್ಯರೊಳಗೆ ವ್ಯತ್ಯಾಸವಿದೆ. ಸಮಂತಭದ್ರರು ಐದು ಅಣುವ್ರತಗಳನ್ನು ಸೇರಿಸಿದರು, ಸೋಮದೇವರು ಐದು ಉದುಂಬರ ಫಲಗಳ ತ್ಯಾಗವನ್ನು ಸೇರಿಸಿದರು. ಆದರೆ ಮದ್ಯ, ಮಾಂಸ, ಮಧುಗಳ ತ್ಯಾಗದಲ್ಲಿ ಇಬ್ಬರೂ ಒಂದೇ. ಶ್ವೇತಾಂಬರ ಪರಂಪರೆಯೂ ಶ್ರಾವಕನು ವರ್ಜಿಸಬೇಕಾದ ಹದಿನೈದು ಕರ್ಮಾದಾನಗಳಲ್ಲಿ ರಸವಾಣಿಜ್ಯವನ್ನು ಹೆಸರಿಸಿ ಹೇಳಿದೆ. ತೋಟ ನಾಲ್ಕು ಎಕರೆಯದಾದರೆ ಅಡ್ಡಿಯಿಲ್ಲವೆಂದು ಯಾವ ಶ್ರಾವಕಾಚಾರವೂ ಹೇಳಿಲ್ಲ.

ಇನ್ನು ಉತ್ಕೃಷ್ಟತೆಯ ಮಾತು. ಮದ್ಯವು ರಸದಲ್ಲಿ ಹುಟ್ಟುವ ಅಸಂಖ್ಯ ಜೀವಗಳ ಯೋನಿಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎಚ್ಚರಿಸಿ ಸಾವಿರ ವರ್ಷಗಳೇ ಸಂದಿವೆ. ಹುದುಗುವಿಕೆಯು ಯೀಸ್ಟ್ ಎಂಬ ಸಜೀವ ಕಣಗಳ ಕಾರ್ಯವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಹುದುಗು ಏರಿದಾಗ ಒಂದು ಮಿಲಿಲೀಟರ್ ರಸದಲ್ಲಿ ಹತ್ತು ಕೋಟಿಯಷ್ಟು ಯೀಸ್ಟ್ ಕಣಗಳಿರುತ್ತವೆ. ಅವು ಸಕ್ಕರೆಯನ್ನು ತಿಂದು ಮದ್ಯಸಾರವನ್ನು ಬಿಡುತ್ತವೆ. ಸಕ್ಕರೆ ತೀರಿ, ಮದ್ಯಸಾರವು ನೂರಕ್ಕೆ ಹನ್ನೆರಡು ಹದಿನಾಲ್ಕರಷ್ಟಾಗುವ ಹೊತ್ತಿಗೆ ಸತ್ತು ತಳದಲ್ಲಿ ಗಸಿಯಾಗುತ್ತವೆ. ಅಗ್ಗದ ವೈನಿನಲ್ಲಿ ಈ ಗಸಿಯನ್ನು ಬೇಗನೆ ಬೇರ್ಪಡಿಸುತ್ತಾರೆ. ಹೆಸರಾಂತ ಹಲವು ಬಿಳಿಯ ವೈನುಗಳನ್ನಾದರೋ ತಿಂಗಳುಗಟ್ಟಲೆ ಗಸಿಯ ಮೇಲೆಯೇ ಇರಿಸಿ, ಆಗಾಗ ಕೋಲಿನಿಂದ ಕದಡುತ್ತಾರೆ. ಸತ್ತ ಕಣಗಳು ಒಡೆದು ಕರಗುವುದರಿಂದಲೇ ಆ ಪ್ರಸಿದ್ಧವಾದ ಮೃದುತ್ವ ಬರುವುದು. ಷಾಂಪೇನ್ ಸೀಮೆಯ ನಿಯಮದಂತೆ ಬಾಟಲಿಯು ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿರಬೇಕು. ಅದರಲ್ಲಿ 12 ತಿಂಗಳು ಗಸಿಯೊಡನೆಯೇ ಇರಬೇಕು. ಇಲ್ಲಿ ಹಿರಿಮೆಯನ್ನು ಅಳೆಯುವುದೇ ಕಳೇಬರಗಳೊಡನೆ ಕಳೆದ ಕಾಲದಿಂದ!

ಮೊಸರಿನಲ್ಲಿ ಜೀವಗಳಿಲ್ಲವೇ ಎಂದು ಕೇಳುವವರುಂಟು. ಆ ಪ್ರಶ್ನೆಗೆ ಉತ್ತರವಾಗಿಯೇ ಶ್ರಾವಕಾಚಾರವು ಪ್ರತಿಯೊಂದು ಆಹಾರಕ್ಕೂ ಮರ್ಯಾದೆಯನ್ನು ಗೊತ್ತುಮಾಡಿದೆ. ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು. ಅವಧಿ ಮೀರಿದ ಹಿಟ್ಟನ್ನು ಒಲೆಯ ಬಳಿಗೂ ತರದ ಅಜ್ಜಿಯಿರುವ ಮನೆಯ ಹಿತ್ತಲಲ್ಲಿಯೇ ಹದಿನೆಂಟು ತಿಂಗಳ ಪೀಪಾಯಿಯನ್ನು ಹೆಮ್ಮೆಯಿಂದ ತೋರಿಸುವುದೆಂದರೆ ಆಕೆಯ ಆಚಾರವನ್ನು ಅಣಕಿಸಿದಂತೆಯೇ ಸರಿ. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಜೆಲಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಇವುಗಳನ್ನು ಬಳಸುವ ರೂಢಿಯಿದೆ. ಬೆಂಟೊನೈಟ್ ಎಂಬ ಜೇಡಿಮಣ್ಣಿನಿಂದಲೂ ಆ ಕೆಲಸ ಆಗುವುದುಂಟು. ಹಾಗಾದಾಗ ಅದು ಸಸ್ಯಾಹಾರಿ ವೈನ್ ಎನಿಸಿಕೊಂಡೀತು, ಮದ್ಯವಾಗಿಯಂತೂ ಉಳಿಯುತ್ತದೆ.

ಎಲ್ಲಕ್ಕಿಂತ ದುರ್ಬಲವಾದದ್ದು ಮನೆಮಂದಿಯ ವಾದ. ಉತ್ತಮ ವೈನನ್ನು ಯಂತ್ರವು ಮಾಡುವುದಿಲ್ಲ, ನಾಲಿಗೆ ಮಾಡುತ್ತದೆ. ಹುದುಗು ಹಿಡಿದ ದಿನದಿಂದ ಬಾಟಲಿ ತುಂಬುವವರೆಗೆ ಪೀಪಾಯಿ ಪೀಪಾಯಿಯನ್ನೂ ರುಚಿ ನೋಡಿ, ಯಾವುದನ್ನು ಯಾವುದರೊಡನೆ ಬೆರೆಸಬೇಕೆಂದು ನಿರ್ಣಯಿಸಬೇಕು. ರುಚಿ ನೋಡಿ ಉಗುಳಿದರೂ ಮದ್ಯವು ಬಾಯಿಗೆ ಬಂದದ್ದು ಸುಳ್ಳಾಗದು. ಮನೆಯ ಯಜಮಾನನು ತಾನೇ ರುಚಿ ನೋಡಿದರೆ ಮೂಲಗುಣ ಹೋಯಿತು. ಸಂಬಳ ಕೊಟ್ಟು ಇನ್ನೊಬ್ಬರಿಂದ ನೋಡಿಸಿದರೆ ಅದು ಕಾರಿತ. ಬಂದ ಅತಿಥಿಗೆ ಲೋಟವನ್ನು ಕೊಟ್ಟು ಮೆಚ್ಚುಗೆಗಾಗಿ ಅವನ ಮುಖವನ್ನೇ ನೋಡುತ್ತ ನಿಂತರೆ ಅದು ಅನುಮೋದನೆ. ಕೃತ, ಕಾರಿತ, ಅನುಮೋದನೆಗಳು ಮೂರೂ ಒಂದೇ ಸೂರಿನಡಿ ನೆರೆಯುವ ಈ ಉದ್ಯೋಗಕ್ಕೆ ಮಕ್ಕಳನ್ನು ವಾರಸುದಾರರನ್ನಾಗಿ ಬೆಳೆಸಬೇಕಾಗುತ್ತದೆ.

ತಾವು ಬೆಳೆಯುವುದು ಹಣ್ಣನ್ನು ಮಾತ್ರ, ಮುಂದಿನದು ವೈನರಿಯವರಿಗೆ ಸೇರಿದ್ದು ಎನ್ನುವವರು ಬಳ್ಳಿಯ ಜಾತಿಯನ್ನೊಮ್ಮೆ ನೋಡಿಕೊಳ್ಳಬೇಕು. ಕ್ಯಾಬರ್ನೆ ಸೊವಿನ್ಯೊನ್, ಶಿರಾಜ್ ತಳಿಗಳ ಹಣ್ಣು ಸಣ್ಣದು, ಬೀಜವುಳ್ಳದ್ದು, ಸಿಪ್ಪೆ ದಪ್ಪ. ಅದನ್ನು ತಿನ್ನಲೆಂದೋ ಒಣಗಿಸಲೆಂದೋ ಯಾರೂ ನೆಡುವುದಿಲ್ಲ. ಸಸಿ ನೆಟ್ಟ ದಿನವೇ ಸಂಕಲ್ಪ ಸಿದ್ಧವಾಗಿರುತ್ತದೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಯಶೋಧರನೂ ಅವನ ತಾಯಿಯೂ ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು, ಆ ಸಂಕಲ್ಪದ ಫಲವನ್ನು ಅವರು ಜನ್ಮಜನ್ಮಾಂತರಗಳಲ್ಲಿ ಉಂಡರು. ಆ ಕಥೆಯನ್ನು ಬಸದಿಯಲ್ಲಿ ಕೇಳಿ ತಲೆದೂಗಿದವರಿಗೆ ಬಳ್ಳಿಯ ಪ್ರಶ್ನೆ ಕಠಿಣವಾಗಲಾರದು.

ಬೆಳೆಗಾರನ ಕಷ್ಟ ಸುಳ್ಳಲ್ಲ. ಕಟಾವಿನ ಹೊತ್ತಿಗೆ ಮಳೆ ಬಂದರೆ ವರ್ಷದ ದುಡಿಮೆ ಗೊನೆಯಲ್ಲೇ ಕೊಳೆಯುತ್ತದೆ. ಸಾಲ ಕೊಟ್ಟವರು ಕಾಯುವುದಿಲ್ಲ. ವಿಜಯಪುರ, ಸಾಂಗಲಿ ಸೀಮೆಯ ರೈತನಿಗೆ ಒಣದ್ರಾಕ್ಷಿಯ ದಾರಿಯಿದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ಬರುತ್ತದೆ. ನೆರಳಿನ ಶೆಡ್ಡಿನಲ್ಲಿ ಎರಡು ವಾರ ಒಣಗಿಸಿದರೆ ಸಾಕು. ಆದರೆ ಶೆಡ್ಡಿಗೆ ಬಂಡವಾಳ ಬೇಕು, ಬೆಲೆ ಏರುವವರೆಗೆ ಕಾದಿರಿಸಲು ಶೈತ್ಯಾಗಾರ ಬೇಕು. ಪಂಚಕಲ್ಯಾಣ ಮಹೋತ್ಸವಕ್ಕೆ ಲಕ್ಷಗಟ್ಟಲೆ ಕೂಡಿಸಬಲ್ಲ ಸಮಾಜವು ಹತ್ತು ಕುಟುಂಬಗಳಿಗೊಂದು ಶೆಡ್ಡನ್ನು ಕಟ್ಟಿಸಿಕೊಡದೆ, ಅವರಲ್ಲೊಬ್ಬ ವೈನರಿಯ ಕರಾರಿಗೆ ಸಹಿ ಹಾಕಿದಾಗ ಮಾತ್ರ ಬಹಿಷ್ಕಾರದ ಮಾತೆತ್ತುವುದು ನ್ಯಾಯವಲ್ಲ.

ಬೆರಳು ತೋರಿಸುವವರ ಕೈಯೂ ಶುದ್ಧವಾಗಿರಬೇಕು. ಅನೇಕ ಸಕ್ಕರೆ ಕಾರ್ಖಾನೆಗಳಿಗೆ ಕಾಕಂಬಿಯಿಂದ ಮದ್ಯಸಾರ ತೆಗೆಯುವ ಘಟಕಗಳು ಜೋಡಿಕೊಂಡಿವೆ. ಅದರಲ್ಲಿ ಒಂದಷ್ಟು ಪೆಟ್ರೋಲಿಗೆ ಬೆರೆಯುತ್ತದೆಂಬುದು ನಿಜ. ಕುಡಿಯುವ ಮದ್ಯಕ್ಕೆ ಹೋಗುವ ಪಾಲೂ ಇದೆಯಲ್ಲ! ಷೇರುದಾರ ಶ್ರಾವಕರು ವಾರ್ಷಿಕ ಸಭೆಯಲ್ಲಿ ಆ ಲೆಕ್ಕವನ್ನು ಕೇಳಲಿ. ಟ್ರಸ್ಟುಗಳು ವೈನರಿಯ ಲಾಭದಿಂದ ಬಂದ ದೇಣಿಗೆಯನ್ನು, ಅದು ಮಾನಸ್ತಂಭಕ್ಕಾಗಲಿ ಅನ್ನದಾನಕ್ಕಾಗಲಿ, ವಿನಯದಿಂದ ಹಿಂದಿರುಗಿಸಲಿ. ಬಸದಿಯ ಜಮೀನನ್ನು ಗುತ್ತಿಗೆಗೆ ಕೊಡುವ ಪತ್ರದಲ್ಲಿಯೂ ಪೇಟೆಯ ಮಳಿಗೆಗಳ ಬಾಡಿಗೆ ಕರಾರಿನಲ್ಲಿಯೂ, ಮದ್ಯದ ಬೆಳೆ, ತಯಾರಿಕೆ, ಮಾರಾಟ ಯಾವುದೂ ಕೂಡದೆಂಬ ಒಂದು ಸಾಲನ್ನು ಬರೆಸಲಿ. ಹಳೆಯ ಕರಾರುಗಳಲ್ಲಿ ಆ ಸಾಲು ಇದೆಯೇ ಇಲ್ಲವೇ ಎಂಬುದನ್ನು ಮುಂದಿನ ದಶಲಕ್ಷಣ ಪರ್ವದೊಳಗಾಗಿ ಪೆಟ್ಟಿಗೆಯಿಂದ ತೆಗೆದು ನೋಡಲಿ.