ಆರ್ಕಿಮಿಡೀಸನ ಕಥೆ ಚಿಂತಾಮಣಿಗೆ ಕನ್ನಡದಲ್ಲಿ ಏಕೆ ಬರಲಿಲ್ಲ?

‘ಇಂಡಿಯಾನಾ ಜೋನ್ಸ್’ ಸರಣಿಯ ಐದನೆಯ ಚಿತ್ರ 2023ರ ಜೂನ್ ಕೊನೆಗೆ ಭಾರತಕ್ಕೆ ಬಂತು. ಸರಣಿ ಶುರುವಾದದ್ದು 1981ರಲ್ಲಿ. ಐದನೆಯದು ಬರುವ ಹೊತ್ತಿಗೆ ನಾಯಕ ಹ್ಯಾರಿಸನ್ ಫೋರ್ಡ್‌ಗೆ ಎಂಬತ್ತು ವರ್ಷ. ಈ ವಯಸ್ಸಿನಲ್ಲಿ ಅವರನ್ನು ಮತ್ತೆ ಕುದುರೆ ಹತ್ತಿಸಬೇಕಿತ್ತೇ ಎಂಬ ಚರ್ಚೆ ಎಲ್ಲೆಡೆ ನಡೆಯಿತು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರು ಕೇಳಬೇಕಾದ ಪ್ರಶ್ನೆ ಬೇರೆ. ಆ ಚಿತ್ರ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಅದೇ ತಿಂಗಳ ಮೊದಲ ವಾರ ತೆರೆಕಂಡ ಸ್ಪೈಡರ್‌ಮ್ಯಾನ್ ಚಿತ್ರಕ್ಕೆ ಕನ್ನಡದ ಅವತರಣಿಕೆ ಇತ್ತು. ಹಾಗಾಗಿ ಆಗದ ಕೆಲಸ ಎಂದು ಯಾರೂ ಹೇಳುವಂತಿಲ್ಲ.

ಚಿತ್ರದ ಕೊನೆಗೆ ಜೋನ್ಸ್ ಹೋಗಿ ಇಳಿಯುವುದು ಆರ್ಕಿಮಿಡೀಸನ ಕಾಲದ ಸಿರಾಕ್ಯೂಸ್ ನಗರಕ್ಕೆ. ಶಿಡ್ಲಘಟ್ಟದ ಸರ್ಕಾರಿ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿ ಆರ್ಕಿಮಿಡೀಸನ ತತ್ವವನ್ನು ಕನ್ನಡದಲ್ಲಿ ಓದುತ್ತಾಳೆ, ಕನ್ನಡದಲ್ಲೇ ಪರೀಕ್ಷೆ ಬರೆಯುತ್ತಾಳೆ. ಅದೇ ಮನುಷ್ಯ ಪರದೆಯ ಮೇಲೆ ಬಂದಾಗ ಮಾತ್ರ ಅವಳು ತೆಲುಗಿಗೋ ಹಿಂದಿಗೋ ಹೋಗಬೇಕು. ಇದು ಅನ್ಯಾಯ.

ತೆಲುಗಿನ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಚಿಂತಾಮಣಿ, ಗೌರಿಬಿದನೂರು ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಕುಟುಂಬಗಳು ಎಷ್ಟೋ ಇವೆ. ಸಂತಕವಿ ಕೈವಾರದ ತಾತಯ್ಯನವರು ಎರಡೂ ಭಾಷೆಗಳಲ್ಲಿ ಹಾಡಿದವರು. ಎರಡೂ ನಮ್ಮವೇ ಆದ ಊರಿನಲ್ಲಿ ಸಿನಿಮಾ ಮಂದಿರ ಒಂದೇ ಭಾಷೆಯನ್ನು ಕೊಟ್ಟರೆ ಇನ್ನೊಂದು ತಾನಾಗಿಯೇ ಹಿಂದೆ ಸರಿಯುತ್ತದೆ.

ಡಬ್ಬಿಂಗ್ ಬೇಡ ಎಂದವರ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅರವತ್ತರ ದಶಕದಲ್ಲಿ ಕನ್ನಡ ಚಿತ್ರರಂಗ ಮದ್ರಾಸಿನ ಸ್ಟುಡಿಯೋಗಳನ್ನು ನೆಚ್ಚಿಕೊಂಡು ಬದುಕುತ್ತಿತ್ತು. ಕಲಾವಿದರ, ಕಾರ್ಮಿಕರ ಅನ್ನದ ಪ್ರಶ್ನೆ ನಿಜವಾಗಿತ್ತು. ಆ ಕಾಲದಲ್ಲೇ ದೊರೆ–ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿ 1968ರಲ್ಲಿ ‘ಜೇಡರ ಬಲೆ’ ಕೊಟ್ಟಿತು. ಅದರ ಬೆನ್ನಿಗೇ ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಬಂದವು. ಒಂಬತ್ತು ವರ್ಷ ಬಿಟ್ಟು, 1978ರಲ್ಲಿ, ‘ಆಪರೇಷನ್ ಡೈಮಂಡ್ ರಾಕೆಟ್’. ಜೇಮ್ಸ್ ಬಾಂಡನನ್ನು ಕಾಯದೆ ನಮ್ಮದೇ ಒಬ್ಬನನ್ನು ಕಟ್ಟಿದ ಆ ಛಲಕ್ಕೆ ಇವತ್ತಿಗೂ ಕೈಮುಗಿಯುತ್ತೇನೆ. ಆದರೆ ಸರಣಿ ಅಲ್ಲಿಗೇ ನಿಂತಿತು, ಡಬ್ಬಿಂಗ್ ಮೇಲಿನ ನಿಷೇಧ ಮಾತ್ರ ಮುಂದುವರಿಯಿತು. ಕನ್ನಡದಲ್ಲಿ ಸಾಹಸ ಚಿತ್ರ ಮಾಡುವವರೂ ಕಡಿಮೆಯಾದರು, ಹೊರಗಿನದು ಕನ್ನಡವಾಗಿ ಬರಲು ದಾರಿಯೂ ಇರಲಿಲ್ಲ. ಆ ಖಾಲಿ ಜಾಗವನ್ನು ನಮ್ಮ ತಾಲ್ಲೂಕುಗಳಲ್ಲಿ ತುಂಬಿದ್ದು ಯಾವ ಭಾಷೆ ಎಂಬುದನ್ನು ಬಸ್ ನಿಲ್ದಾಣದ ಗೋಡೆಯ ಪೋಸ್ಟರುಗಳೇ ಹೇಳುತ್ತವೆ.

ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ಡಬ್ಬಿಂಗ್ ತಡೆಯುವುದು ತಪ್ಪೆಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ಬಾಗಿಲು ತೆರೆಯಿತು, ಪರದೆ ಸಿಗಲಿಲ್ಲ. 2022ರ ಮಾರ್ಚ್ 19ರಂದು ಚಿಕ್ಕಬಳ್ಳಾಪುರದಲ್ಲಿ ‘ಆರ್‌ಆರ್‌ಆರ್’ ಚಿತ್ರದ ಬಿಡುಗಡೆ ಪೂರ್ವ ಸಮಾರಂಭ ನಡೆಯಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ಶಿವರಾಜ್‌ಕುಮಾರ್ ವೇದಿಕೆಯಲ್ಲಿದ್ದರು. ಜೂನಿಯರ್ ಎನ್‌ಟಿಆರ್, ರಾಮ್‌ಚರಣ್ ಕನ್ನಡಕ್ಕೆ ತಾವೇ ದನಿ ಕೊಟ್ಟಿದ್ದರು. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಕನ್ನಡ ಅವತರಣಿಕೆಗೆ ಪ್ರದರ್ಶನಗಳೇ ಇಲ್ಲವೆಂದು ಜನ ಬಹಿಷ್ಕಾರದ ಕೂಗೆಬ್ಬಿಸಿದರು. ಸಭೆಗೆ ನಮ್ಮ ಮೈದಾನ ಬೇಕು, ಜನ ಬೇಕು, ಪೊಲೀಸ್ ಬಂದೋಬಸ್ತ್ ಬೇಕು. ನಮ್ಮ ಭಾಷೆಗೆ ದಿನಕ್ಕೊಂದು ಆಟ ಕೊಡಲು ಮಾತ್ರ ಲೆಕ್ಕಾಚಾರ!

ಕನ್ನಡದಲ್ಲಿ ಹಾಕಿದರೆ ಜನ ಬರುವುದಿಲ್ಲ ಎಂದು ಪ್ರದರ್ಶಕರು ಹೇಳುತ್ತಾರೆ. ಹಾಕದೆಯೇ ಹೇಳುವ ಮಾತಿಗೆ ಬೆಲೆಯೇನು? ಚಿಂತಾಮಣಿಯಲ್ಲೊಂದು, ಗೌರಿಬಿದನೂರಿನಲ್ಲೊಂದು ಚಿತ್ರಮಂದಿರ ಮೊದಲ ವಾರ ಸಂಜೆಯ ಆಟವನ್ನು ಕನ್ನಡಕ್ಕೆ ಬಿಟ್ಟು ನೋಡಲಿ. ಹಂಚಿಕೆದಾರರು ಪೋಸ್ಟರಿನಲ್ಲಿ ‘ಕನ್ನಡದಲ್ಲಿ’ ಎಂದು ದಪ್ಪಕ್ಷರದಲ್ಲಿ ಹಾಕಲಿ. ಮುಂದಿನ ಸಲ ಇಂಥ ಸಮಾರಂಭಕ್ಕೆ ಅನುಮತಿ ಕೇಳಿ ಬಂದವರಿಗೆ, ಜಿಲ್ಲೆಯ ಪ್ರತಿ ತಾಲ್ಲೂಕಿನಲ್ಲೂ ಕನ್ನಡ ಅವತರಣಿಕೆಗೆ ಎಷ್ಟು ಆಟ ಇಟ್ಟಿದ್ದೀರಿ ಎಂದು ನಮ್ಮ ಶಾಸಕರು ಮೊದಲು ಕೇಳಲಿ.