ಖಾರ ಕಮ್ಮಿ ಅಂದರೆ ಎಷ್ಟು ಕಮ್ಮಿ?

ಆಯನೂರಿನಲ್ಲಿ ಬಸ್ಸಿಳಿದು ಹೋಟೆಲಿಗೆ ಹೋದರೆ ನಾವೆಲ್ಲ ಹೇಳುವುದು ಒಂದೇ ಮಾತು: ‘ಅಣ್ಣಾ, ಸ್ವಲ್ಪ ಖಾರ ಕಮ್ಮಿ ಇರ್ಲಿ.’ ಸಪ್ಲೈಯರ್ ತಲೆಯಾಡಿಸುತ್ತಾರೆ. ತಟ್ಟೆ ಬಂದ ಮೇಲೆ ಮಗು ಒಂದೇ ತುತ್ತಿಗೆ ಅಳುತ್ತದೆ, ಅಜ್ಜಿ ಬರೀ ಮೊಸರನ್ನ ಉಂಡು ಏಳುತ್ತಾರೆ. ದುಡ್ಡೂ ದಂಡ, ಊಟವೂ ದಂಡ.

ತಪ್ಪು ಅಡುಗೆಯವರದ್ದೊಂದೇ ಅಲ್ಲ. ಸಾಗು, ಸಾಂಬಾರು, ಕುರ್ಮಾ ಮೊದಲೇ ಕುದಿದು ಕೂತಿರುತ್ತವೆ. ಹಾಕಿದ ಖಾರವನ್ನು ಯಾರೂ ತೆಗೆಯಲಾರರು. ಆಗಿಂದಾಗ ಮಾಡಿಕೊಡುವ ದೋಸೆ, ಆಮ್ಲೆಟ್, ಫ್ರೈಡ್ ರೈಸಿಗೆ ಮಾತ್ರ ನಮ್ಮ ಮಾತು ನಡೆಯುತ್ತದೆ. ಅದನ್ನೂ ಬಿಡಿಸಿ ಹೇಳಬೇಕು: ‘ದೋಸೆಗೆ ಕೆಂಪು ಚಟ್ನಿ ಹಚ್ಚಬೇಡಿ’, ‘ಆಮ್ಲೆಟ್‌ಗೆ ಹಸಿಮೆಣಸಿನಕಾಯಿ ಬೇಡ’.

ಬಣ್ಣ ನೋಡಿ ಖಾರ ಅಳೆಯಬೇಡಿ. ಬ್ಯಾಡಗಿ ಮೆಣಸಿನಕಾಯಿ ಕಡುಗೆಂಪು, ಆದರೆ ಖಾರ ಕಡಿಮೆ. ಬೆಳ್ಳಗಿರುವ ಕಾಯಿಚಟ್ನಿಯಲ್ಲಿ ಹಸಿಮೆಣಸು ಅಡಗಿ ಕೂತಿರಬಹುದು. ಖಾರ ನೆತ್ತಿಗೇರಿದರೆ ನೀರು ಕುಡಿದು ಹೆಚ್ಚು ಪ್ರಯೋಜನವಿಲ್ಲ. ಮೆಣಸಿನ ಖಾರ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಹಾಲು ಮೊಸರಿಗೆ ಬಗ್ಗುತ್ತದೆ.

ಹೋಟೆಲಿನವರಿಗೂ ನಮ್ಮದೊಂದು ಮಾತು. ಕೇಳಿದಾಗ ‘ಮಾಮೂಲಿ ಖಾರ’ ಅನ್ನಬೇಡಿ. ನಿಮ್ಮ ಮಾಮೂಲಿ ನಮ್ಮ ಅಜ್ಜಿಯ ಮಾಮೂಲಿ ಅಲ್ಲ. ‘ಇದು ಖಾರ, ಮಕ್ಕಳಿಗೆ ಬೇಡ, ಇಡ್ಲಿ ಕೊಡ್ಲಾ?’ ಅಂದರೆ ಗಿರಾಕಿ ಎದ್ದು ಹೋಗುವುದಿಲ್ಲ, ಮತ್ತೊಮ್ಮೆ ಬರುತ್ತಾರೆ.

ನಾವೂ ನಾಚಿಕೆ ಬಿಡೋಣ. ಆರ್ಡರ್ ಕೊಡುವ ಮುಂಚೆ ಕೇಳೋಣ: ‘ಇವತ್ತು ಖಾರ ಇಲ್ಲದ್ದು ಏನಿದೆ?’ ಖಾರ ಬೇಕಾದವರಿಗೆ ಚಟ್ನಿಯನ್ನು ಪಕ್ಕಕ್ಕೆ ಕೊಟ್ಟರಾಯಿತು. ಆಮೇಲೆ ಸೇರಿಸಬಹುದು, ತೆಗೆಯಲಾಗದು.